ಹಣೆ ತಂಪಾಗಿತ್ತು

ಸಾಸಿವೆ ಸಿಡಿದ ಸದ್ದು, ಹೌದು ಒಗ್ಗರಣೆನೇ, ಚಟಪಟ ಅಂತ ಮೆಟ್ಟಿಲು ಹತ್ತಿ ಬಾಗಿಲ ಸಂದಿಯಿಂದ ಒಳಗೆ ಬರ್ತಿದೆ, ಅದರ ಬೆನ್ನಿಗೇ ಬರಬೇಕಾದ ವಾಸನೆ ಮಾತ್ರ ಬರ್ತಿಲ್ಲ, ಅಮ್ಮಿ ಕರಿಬೇವು ಹಾಕಿರ್ತಾಳೆ, ಬೆಳ್ಳುಳ್ಳಿ ಜಜ್ಜಿದ್ದೂ ಈಗಷ್ಟೇ ಕೇಳಿಸ್ತು, ಇಷ್ಟೆಲ್ಲ ಎಣ್ಣೆಗೆ ಬಿದ್ದರೆ ಬೆಸ್ಟ್ ಅನ್ನೋ ಈ ಡಚ್ ಊರಿನ ಬೀದಿಗೆ ಬೀದಿಯೇ ಮೂಗು ಅರಳಿಸಬೇಕು, ಪಕ್ಕದ ಮನೆ ಡಚ್ ಅಜ್ಜ ಎದ್ದು ಬಂದು ಕಿಟಕಿ ಹಾಕ್ಕೋಬೇಕು, ನನಗೆ ಏನೂ ಇಲ್ಲ, ಬರೀ ಗಾಳಿ, ತಣ್ಣಗೆ ಒಳಗೆ ಹೋಗಿ ತಣ್ಣಗೆ ಹೊರಗೆ ಬರೋ ಗಾಳಿ — ಸೋಪು ಮೂಸಿದೆ, ಇಲ್ಲ, ಅಬ್ಬಾನ ಅತ್ತರ್ ಸೀಸೆ ಮೂಸಿದೆ, ಇಲ್ಲ, ವಿಕ್ಸ್ ಡಬ್ಬಿಯೊಳಗೆ ಮೂಗನ್ನೇ ತುರುಕಿದೆ, ಕಣ್ಣಲ್ಲಿ ನೀರು ಬಂತು, ಉರಿ ಇದೆ, ವಾಸನೆ ಇಲ್ಲ, ನೆಗಡಿ ಅಂದ್ಕೊಂಡಿದ್ದೆ, ಹದಿನೈದು ದಿನದಿಂದ ನೆಗಡಿ ಅಂತಲೇ ಅಂದ್ಕೊಂಡಿದ್ದೆ, ಮೂಗು ಕಟ್ಟಿಲ್ಲ, ಸೋರ್ತಿಲ್ಲ, ಆದರೂ ನೆಗಡಿಯಂತೆ, ಎಂಥ ಬುದ್ಧಿವಂತೆ ನಾನು, ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಸುದ್ದಿ, ಮೂಗು ಗಂಟಲಿನ ಡಾಕ್ಟರುಗಳು ಹೇಳ್ತಿದ್ದಾರಂತೆ, ಇದ್ದಕ್ಕಿದ್ದ ಹಾಗೆ ವಾಸನೆ ರುಚಿ ಎರಡೂ ಹೋದರೆ ಅದು ಲೋಕಕ್ಕೆಲ್ಲ ಹಬ್ಬಿರೋ ಈ ಕಾಯಿಲೆಯೇ ಇರಬಹುದು, ಬೇರೆ ಏನೂ ಕಾಣಿಸದಿದ್ದರೂ ಇರಬಹುದು, ಓದಿದೆ, ಇನ್ನೊಂದು ಸಲ ಓದಿದೆ, ಹಾಸಿಗೆ ಮೇಲೆ ಕೂತವಳು ಕೂತೇ ಇದೀನಿ, ಅಂದ್ರೆ ನನಗಿತ್ತು, ಜ್ವರ ಬಂದು ಹೋಯ್ತು ಅಂತ ಕೈತೊಳ್ಕೊಂಡೆನಲ್ಲ, ಅದು ಅದೇ, ಯಾ ಅಲ್ಲಾ, ಅದೇ.

ಸುಮ್ನಿರು ಸಮ್ರೀನ್, ಕೂಗಬೇಡ, ಕೂಗಿದರೆ ದಾದಿಗೆ ಕೇಳಿಸುತ್ತೆ, ಕೆಳಗೆ ಸೋಫಾ ಮೇಲೆ ಶಾಲು ಹೊದ್ದು ಕೂತಿರ್ತಾರೆ ದಾದಿ, ಅಬ್ಬಾನ ಅಮ್ಮ, ಹರಿಹರದ ಸರ್ಕಾರಿ ಶಾಲೇಲಿ ಮೂವತ್ತೊಂದು ವರ್ಷ ಕನ್ನಡ ಟೀಚರ್, ಈಗ ಎಪ್ಪತ್ತನಾಲ್ಕು, ಶುಗರ್ ಇದೆ, ಮಂಡಿ ನೋವಿದೆ, ಜನವರಿಯಲ್ಲಿ ಮೊಮ್ಮಗಳನ್ನ ನೋಡೋಕೆ ಅಂತ ಬಂದರು, ಮೊಮ್ಮಗಳು ಮಹಾರಾಣಿ ಫೆಬ್ರವರಿ ಒಂದಕ್ಕೇ ಸ್ಪೇನಿಗೆ ಹಾರಿದಳು, ಯುಟ್ರೆಕ್ಟ್ ಯೂನಿವರ್ಸಿಟಿಯಿಂದ ಒಂದು ಸೆಮಿಸ್ಟರ್ ಸಾಲಮಾಂಕಾದಲ್ಲಿ ಓದು, ಸ್ಪ್ಯಾನಿಷ್ ಚೆನ್ನಾಗಿ ಬರಬೇಕಾದರೆ ಹಾಸ್ಟೆಲ್ ಬೇಡ, ಅಲ್ಲಿಯವರ ಮನೇಲೇ ಇರಬೇಕು ಅಂತ ನಾನೇ ಹಟ ಹಿಡಿದಿದ್ದು, ಈ ತಿಂಗಳು ಇಪ್ಪತ್ತೆಂಟಕ್ಕೆ ದಾದಿಗೆ ವಾಪಸ್ ಟಿಕೆಟ್ ಇತ್ತು, ನಾಳೆಯಿಂದ ಇಂಡಿಯಾದಲ್ಲಿ ಒಂದು ವಿಮಾನವೂ ಇಳಿಯೋ ಹಾಗಿಲ್ಲ, ಸಿಕ್ಕಿಹಾಕ್ಕೊಂಡಿದ್ದಾರೆ ಪಾಪ, ನನ್ನ ಕೆಳಗೆ, ನನ್ನ ಕಾಲಡಿಯ ಹಲಗೆ ಕೆಳಗೇ ಕೂತಿದ್ದಾರೆ — ಅವರಿಗೂ ಅಬ್ಬಾಗೂ ಗೊತ್ತಿರೋದು ಇಷ್ಟೇ, ಸ್ಪೇನಿನಿಂದ ಬಂದವರು ಎರಡು ವಾರ ಬೇರೆ ಇರೋದು ಒಳ್ಳೇದು, ಸುಮ್ನೆ ಮುನ್ನೆಚ್ಚರಿಕೆ, ಹುಡುಗಿ ಆರೋಗ್ಯವಾಗೇ ಇದಾಳೆ, ಜ್ವರ ಬಂದಿತ್ತು ಅನ್ನೋದು ನನಗೆ ಗೊತ್ತು, ಅಮ್ಮಿಗೆ ಗೊತ್ತು, ಇನ್ನು ಯಾರಿಗೂ ಗೊತ್ತಿಲ್ಲ, ಬಂದ ದಿನ ದಾದಿ ಮೆಟ್ಟಿಲ ಕೆಳಗೆ ನಿಂತು ದೂರದಿಂದಲೇ ಎರಡೂ ಕೈಯಿಂದ ಗಾಳಿಯಲ್ಲಿ ನನ್ನ ಮುಖ ಸವರಿ ತಮ್ಮ ಕಿವಿ ಹತ್ತಿರ ನೆಟಿಗೆ ಮುರಿದರು, ಹತ್ತೂ ಬೆರಳು ಪಟಪಟ ಅಂದವು, ನೋಡ್ದಾ ಎಷ್ಟು ದೃಷ್ಟಿ ಆಗಿತ್ತು, ನಿನ್ನ ಮೇಲಿದ್ದದ್ದೆಲ್ಲ ನನಗೆ ಬರಲಿ ಬೇಟಾ, ಅಂದರು, ಅಬ್ಬಾ ನಕ್ಕರು, ನಾನೂ ನಕ್ಕೆ, ಸೂಟ್‌ಕೇಸ್ ಎಳ್ಕೊಂಡು ಮೇಲೆ ಬಂದೆ.

ಇಲ್ಲಿ ಯಾರೂ ನಿನ್ನನ್ನ ಟೆಸ್ಟ್ ಮಾಡಲ್ಲ, ಫೋನ್ ಮಾಡಿದರೆ ಡಾಕ್ಟರ ಸಹಾಯಕಿ ಹಾಡೋ ಹಾಗೆ ಹೇಳ್ತಾಳೆ, ಮನೇಲೇ ಇರಿ, ನೀರು ಕುಡೀರಿ, ಪ್ಯಾರಾಸಿಟಮಾಲ್ ತಗೊಳ್ಳಿ, ಈ ದೇಶದಲ್ಲಿ ಕಾಲು ಮುರಿದರೂ ಪ್ಯಾರಾಸಿಟಮಾಲೇ ಅಂತ ಅಬ್ಬಾ ಬೈತಿರ್ತಾರೆ, ಅದಕ್ಕೇ ಅಲ್ವಾ ನಮ್ಮವರೆಲ್ಲ ಊರಿಂದ ಬರುವಾಗ ಅರ್ಧ ಮೆಡಿಕಲ್ ಶಾಪ್ ಹೊತ್ಕೊಂಡು ಬರೋದು, ದಾದಿ ಸೂಟ್‌ಕೇಸಿನಲ್ಲಿ ಅವಲಕ್ಕಿ, ಮೆಣಸಿನಪುಡಿ, ಒಂದು ಪ್ಲಾಸ್ಟಿಕ್ ಕವರ್ ತುಂಬ ಮಾತ್ರೆ, ಕೆಮ್ಮಿಗೆ, ಭೇದಿಗೆ, ಗ್ಯಾಸಿಗೆ, ಹತ್ತು ಸ್ಟ್ರಿಪ್ ಡೋಲೋ, ಅದರಲ್ಲಿ ಆರು ಸ್ಟ್ರಿಪ್ ಅಮ್ಮಿ ನನ್ನ ಬ್ಯಾಗಿಗೆ ಹಾಕಿದ್ದು, ಪರದೇಶದಲ್ಲಿ ಪರರ ಮನೇಲಿ ಇರೋಳು, ಮೈ ಬಿಸಿಯಾದರೆ ಒಂದು ನುಂಗು, ಯಾರ ಮುಂದೂ ನರಳಬೇಡ, ಜನ ಬೇಜಾರು ಮಾಡ್ಕೊಳ್ತಾರೆ — ನರಳಲಿಲ್ಲ ಅಮ್ಮಿ, ನೀನು ಹೇಳಿದ ಹಾಗೇ ಮಾಡಿದೆ, ಒಂಚೂರೂ ನರಳಲಿಲ್ಲ.

ಎನ್‌ಕಾರ್ನಾ ಬೇಜಾರು ಮಾಡ್ಕೊಳ್ತಿರಲಿಲ್ಲ, ಅದೇ ಹೊಟ್ಟೆಗೆ ಬೆಂಕಿ ಬೀಳೋ ಮಾತು, ಸಾಲಮಾಂಕಾದಲ್ಲಿ ನಾನಿದ್ದ ಮನೆಯ ಒಡತಿ, ಎಪ್ಪತ್ತಮೂರು ವರ್ಷದ ಹೆಂಗಸು, ಗಂಡ ಸತ್ತು ಆರು ವರ್ಷ, ಮೂರನೇ ಮಹಡಿ ಮನೆ, ಮೊದಲ ದಿನ ನೀವು ಅಂದದ್ದಕ್ಕೆ ಮುನಿಸಿಕೊಂಡಳು, ನೀನು ಅನ್ನು, ನನ್ನನ್ನ ಮುದುಕಿ ಮಾಡ್ಬೇಡ, ಅಂದಳು, ಯೂನಿವರ್ಸಿಟಿ ಕಳಿಸಿದ ಪಟ್ಟಿಯಲ್ಲಿ ಹನ್ನೆರಡು ಜನ ಇದ್ದರಂತೆ, ನನ್ನ ಹೆಸರಿನ ಮುಂದೆ ಬೆಸ್ಟ್ ಅಂತ ಊರು ನೋಡಿ ಬೆರಳಿಟ್ಟಳಂತೆ, ಹತ್ತೊಂಬತ್ತನೇ ವಯಸ್ಸಿಗೆ ಇಲ್ಲೇ ಪಕ್ಕದ ಐಂಡ್‌ಹೋವನ್‌ಗೆ ಬಂದು ಬಲ್ಬಿನ ಫ್ಯಾಕ್ಟರೀಲಿ ಎರಡು ವರ್ಷ ದುಡಿದವಳು, ಭಾನುವಾರ ಸೈಕಲ್ ಹೊಡ್ಕೊಂಡು ಬೆಸ್ಟ್‌ಗೆ ಬರ್ತಿದ್ದಳಂತೆ, ಬರೀ ಆಲೂಗಡ್ಡೆ ಹಾಕಿದರು ಮಗಳೇ, ಬೆಳಿಗ್ಗೆ ಆಲೂಗಡ್ಡೆ, ಸಂಜೆ ಆಲೂಗಡ್ಡೆ, ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ, ಅದಕ್ಕೇ ನನ್ನ ಮನೆಗೆ ಬಂದ ಯಾವ ಮಗುವೂ ಒಂದು ದಿನವೂ ಒಬ್ಬಳೇ ಕೂತು ಉಣ್ಣಬಾರದು, ಅಂತ — ಹಂದಿ ಮಾಂಸ ಬೇಯಿಸಿದ ಬಾಣಲೆಗಳನ್ನೆಲ್ಲ ಅಟ್ಟಕ್ಕೆ ಹಾಕಿ ಹೊಸದು ಎರಡು ತಂದಳು, ಊರ ಆ ಕೊನೇಲಿ ಮೊರಾಕ್ಕೋದವರ ಮಾಂಸದಂಗಡಿ, ಬಸ್ಸಲ್ಲಿ ಹೋಗಿ ಕೋಳಿ ತರ್ತಿದ್ದಳು, ಇಷ್ಟು ಮಾಡಿ ಅದನ್ನ ಉಪ್ಪು ಬೆಳ್ಳುಳ್ಳಿ ಬಿಟ್ಟು ಇನ್ನೇನೂ ಹಾಕದೆ ಬೇಯಿಸೋಳು, ನಾನು ಕದ್ದು ಮೆಣಸಿನಪುಡಿ ಉದುರಿಸಿಕೊಳ್ತಿದ್ದೆ, ಅವಳ ಮನೆಯಲ್ಲಿ ಒಂದು ಗುಂಡು ಮೇಜು, ಕೆಳಗೆ ಕರೆಂಟಿನ ಹೀಟರ್, ಮೇಜಿನ ಮೇಲಿಂದ ನೆಲದವರೆಗೂ ಒಂದು ದಪ್ಪ ಕಂಬಳಿ, ಚಳಿಗಾಲ ಪೂರ್ತಿ ಆ ಊರಿನವರ ಬದುಕೆಲ್ಲ ಆ ಕಂಬಳಿ ಕೆಳಗೇ, ಕಾಲು ಒಳಗೆ ಹಾಕಿ ಕಂಬಳಿ ಮಡಿಲ ಮೇಲೆ ಎಳ್ಕೊಂಡು ಕೂತರೆ ಅವಳ ಮಂಡಿ ನನ್ನ ಮಂಡಿಗೆ ತಾಗಬೇಕು, ಅವಳು ಟೀವಿ ನೋಡ್ತಾ ನನ್ನ ಉಚ್ಚಾರ ತಿದ್ದಬೇಕು, ನಾನು ಅವಳ ಕನ್ನಡಕ ಒರೆಸಿಕೊಡಬೇಕು, ದಿನಾ ಎರಡು ಗಂಟೆ, ಮೂರು ಗಂಟೆ, ಕಿಟಕಿ ಹಾಕಿದ ಕೋಣೆಯಲ್ಲಿ, ಒಂದೇ ಕಂಬಳಿ.

ಐದನೇ ತಾರೀಕು, ಗುರುವಾರ, ಮಾರ್ಚ್, ಕ್ಲಾಸಿನಿಂದ ಬರುವಾಗಲೇ ಬೆನ್ನು ಮುರಿದ ಹಾಗೆ, ಬಾತ್‌ರೂಮಿನ ಕಪಾಟಿನಲ್ಲಿದ್ದ ಥರ್ಮಾಮೀಟರ್ ಇಟ್ಟರೆ ಮೂವತ್ತೆಂಟು ಪಾಯಿಂಟ್ ಆರು, ಎರಡು ದಿನ ಮೊದಲಷ್ಟೇ ಯೂನಿವರ್ಸಿಟಿಯಿಂದ ಮೇಲ್ ಬಂದಿತ್ತು, ಜ್ವರ ಕೆಮ್ಮು ಇದ್ದವರು ತಕ್ಷಣ ಮನೆಯವರಿಗೆ ಹೇಳಬೇಕು, ವಯಸ್ಸಾದವರಿದ್ದರೆ ಬೇರೆ ಕಡೆ ಕಳಿಸ್ತೀವಿ ಅಂತ, ಬೇರೆ ಕಡೆ ಅಂದ್ರೆ ಎಲ್ಲಿಗೆ, ಯಾರಿಗೂ ಗೊತ್ತಿಲ್ಲ, ಅಮ್ಮಿಗೆ ಫೋನ್ ಮಾಡಿದೆ, ಅಮ್ಮಿ ಆಮ್‌ಸ್ಟರ್‌ಡ್ಯಾಮಿನ ಜೈಡಾಸ್‌ನಲ್ಲಿರೋ ಬ್ಯಾಂಕಿನಿಂದ ಮನೆಗೆ ಬರೋ ಟ್ರೇನಲ್ಲಿದ್ದಳು, ದನಿ ಇಳಿಸಿ ಹೇಳಿದಳು, ಹೇಳಬೇಡ, ಕೇಳಿಸ್ತಾ, ಹೇಳಿದರೆ ಸಾಮಾನು ಹೊರಗಿಡ್ತಾರೆ, ಮೈಬಣ್ಣ ನೋಡಿದರೇ ಸಾಕು ಈಗ ಎಲ್ಲರಿಗೂ ಅನುಮಾನ, ಎಲ್ಲಿ ಬಿದ್ದಿರ್ತೀಯ ನೀನು, ಯಾವುದೋ ಆಸ್ಪತ್ರೆ ವಾರ್ಡಿನಲ್ಲಾ, ಫ್ಲೂ ಕಣೇ ಇದು, ಹವಾ ಬದಲಾವಣೆ, ಡೋಲೋ ತಗೋ, ಆರು ಗಂಟೆಗೊಂದು, ತಪ್ಪಿಸಬೇಡ, ಅವಳು ಏಳೋ ಮೊದಲೇ ಒಂದು ತಗೋ — ತಗೊಂಡೆ, ಬೆಳಗಿನ ಜಾವ ಐದಕ್ಕೆ ಅಲಾರಂ ಇಟ್ಕೊಂಡು ತಗೊಂಡೆ, ಎಂಟು ಗಂಟೆಗೆ ಎನ್‌ಕಾರ್ನಾ ಬಂದಳು, ಮುಖ ಬಾಡಿದೆ ಅಂದಳು, ಅವರಲ್ಲಿ ಜ್ವರ ನೋಡೋದು ಕೈಯಿಂದಲ್ಲ, ಹಣೆಗೆ ತುಟಿ ಇಟ್ಟು ನೋಡ್ತಾರೆ, ಕೈ ಸುಳ್ಳು ಹೇಳುತ್ತಂತೆ, ತುಟಿ ಹೇಳಲ್ವಂತೆ, ಬಗ್ಗಿ ತುಟಿ ಇಟ್ಟಳು, ಒಂದು ಕ್ಷಣ ಹಾಗೇ ಇದ್ದಳು, ಅವಳ ಉಸಿರು ನನ್ನ ರೆಪ್ಪೆ ಮೇಲೆ, ನನ್ನ ಉಸಿರು ಅವಳ ಕುತ್ತಿಗೆಗೆ, ಏನೂ ಇಲ್ಲ, ಸೊಪ್ಪಿನ ಹಾಗೆ ತಂಪಾಗಿದೀಯ, ಓದಿ ಓದಿ ಸೋತಿದೀಯ ಅಷ್ಟೆ, ಬಾ ಮೇಜಿನ ಹತ್ತಿರ, ಸೂಪ್ ಕೊಡ್ತೀನಿ, ಅಂದಳು, ಹೋದೆ, ಕಂಬಳಿ ಎಳ್ಕೊಂಡೆ, ಮಂಡಿಗೆ ಮಂಡಿ, ಅವಳ ಚಮಚದಲ್ಲೇ ರುಚಿ ನೋಡು ಅಂತ ಕೊಟ್ಟಳು, ನೋಡಿದೆ, ಆಮೇಲೆ ಅವಳು ಅದೇ ಚಮಚದಲ್ಲಿ, ಥೂ, ಮೂರು ದಿನ ಬೆಳಿಗ್ಗೆ ಮೂರು ಸಲ ತುಟಿ ಇಟ್ಟಳು, ಮೂರು ಸಲವೂ ನಾನು ಗೆದ್ದೆ.

ಮೂರನೇ ದಿನ ಶನಿವಾರ ನೂರಿಯಾ ಬಂದಳು, ಎನ್‌ಕಾರ್ನಾಳ ಒಬ್ಬಳೇ ಮಗಳು, ಮಾದ್ರಿದ್‌ನಲ್ಲಿ ಕೆಲಸ, ಗಂಟಲು ಕೆರೆತ ಅಂತ ಬಾಗಿಲಲ್ಲೇ ಹೇಳಿದಳು, ಬಾಯಿಬಿಟ್ಟು ಹೇಳಿದಳು, ನನ್ನ ಹಾಗಲ್ಲ, ಅಮ್ಮಾ ಮುತ್ತು ಕೊಡಬೇಡ ಅಂದಳು, ಎನ್‌ಕಾರ್ನಾ ಕೇಳಬೇಕಲ್ಲ, ಎರಡೂ ಕೆನ್ನೆ ಹಿಡಿದು ಲೊಚಲೊಚ ಅಂತ ಕೊಟ್ಟೇಬಿಟ್ಟಳು, ಭಾನುವಾರ ಸಂಜೆ ನೂರಿಯಾ ಹೋದಳು, ಮಂಗಳವಾರ ಎನ್‌ಕಾರ್ನಾಗೆ ಕೆಮ್ಮು ಶುರುವಾಯ್ತು, ಒಣ ಕೆಮ್ಮು, ಮೇಜಿನ ಮೇಲಿದ್ದ ಲೋಟ ಅಲ್ಲಾಡೋ ಅಷ್ಟು, ಮಗಳು ಅಂಟಿಸಿಹೋದಳು ನೋಡು, ಮಾದ್ರಿದ್‌ನಿಂದ ಇನ್ನೇನು ತರ್ತಾಳೆ, ಅಂತ ನಗಾಡಿದಳು, ನಾನೂ ಹೂಂ ಅಂದೆ, ಹೂಂ ಅಂದೆನಲ್ಲ, ಅಷ್ಟು ಸಲೀಸಾಗಿ, ಆವತ್ತು ಬಾಯಿಗೆ ರುಚಿ ಇಲ್ಲದೆ ನಾಲ್ಕು ದಿನ ಆಗಿತ್ತು, ಅವಳು ಮಾಡಿದ ಕೋಳಿಗೆ ನಾನು ಮೆಣಸಿನಪುಡಿ ಉದುರಿಸದೇ ತಿಂದದ್ದು ನೋಡಿ ಅವಳಿಗೆ ಖುಷಿಯೋ ಖುಷಿ, ಅಂತೂ ನನ್ನ ಅಡುಗೆ ಒಗ್ಗಿತು ನಿನಗೆ, ಅಂದಳು — ಶುಕ್ರವಾರ ಯೂನಿವರ್ಸಿಟಿ ಮುಚ್ಚಿತು, ಅಬ್ಬಾ ಟಿಕೆಟ್ ಕಳಿಸಿದರು, ಇವತ್ತೇ ಹೊರಡು, ನಾಳೆ ಬಾಗಿಲು ಹಾಕ್ತಾರೆ, ಎನ್‌ಕಾರ್ನಾ ಮಂಚದಲ್ಲಿ ಕೂತ್ಕೊಂಡೇ ಕಿತ್ತಳೆ ಹಣ್ಣು ಎರಡು ಬ್ಯಾಗಿಗೆ ಹಾಕಿದಳು, ಏದುಸಿರು, ಮಾತಿಗೊಂದು ಸಲ ನಿಲ್ಲಿಸ್ತಿದ್ದಳು, ಆಂಬುಲೆನ್ಸಿಗೆ ಹೇಳ್ಲಾ ಅಂದೆ, ಹೋಗೇ, ವಿಮಾನ ತಪ್ಪುತ್ತೆ, ನೂರಿಯಾಗೆ ಫೋನ್ ಮಾಡಿದೀನಿ, ಅಂದಳು, ಆಗ ಹೇಳಬಹುದಿತ್ತು, ಕೂತು ಕೈ ಹಿಡಿದು, ಎನ್‌ಕಾರ್ನಾ ನನಗೆ ಜ್ವರ ಇತ್ತು, ನಾನು ಮುಚ್ಚಿಟ್ಟೆ, ನೀನು ಈಗಲೇ ಆಸ್ಪತ್ರೆಗೆ ಹೋಗು, ಮೂರೇ ವಾಕ್ಯ, ಸ್ಪ್ಯಾನಿಷ್ ಎಲ್ಲ ಬರ್ತಿತ್ತು ನನಗೆ, ಹೇಳಲಿಲ್ಲ, ಕಿತ್ತಳೆ ತಗೊಂಡು ಹೊರಟೆ.

ಭಾನುವಾರ ಆಸ್ಪತ್ರೆ, ಮಂಗಳವಾರ ಐಸಿಯು, ಬೋರಲು ಮಲಗಿಸಿದಾರೆ ಅಂತ ನೂರಿಯಾ ಬರೆದಳು, ನಾನು ಕೈಮುಗಿದಿರೋ ಚಿತ್ರ ಕಳಿಸಿದೆ, ಮೊನ್ನೆ ಗುರುವಾರ ಬೆಳಿಗ್ಗೆ ಹತ್ತಕ್ಕೆ, ಹೋದಳು. ಮುಖ ನೋಡೋಕೆ ಬಿಡಲಿಲ್ಲವಂತೆ, ಪೆಟ್ಟಿಗೆ ಮುಚ್ಚೇ ಕೊಟ್ಟರಂತೆ, ಪಾದ್ರಿ ಎರಡೇ ನಿಮಿಷ ಏನೋ ಓದಿದರಂತೆ, ನಾನು ಇಲ್ಲಿ ತಲೆದಿಂಬು ಬಾಯಿಗೆ ಒತ್ತಿ ಅತ್ತೆ, ಅಳೋ ಸದ್ದು ಕೆಳಗೆ ಕೇಳಿಸಿದರೆ ಯಾಕೆ ಅಂತ ಕೇಳ್ತಾರಲ್ಲ, ಇವತ್ತು ಬೆಳಿಗ್ಗೆ, ಆ ಸುದ್ದಿ ಓದಿ ಹತ್ತು ನಿಮಿಷ ಆಗಿರಲಿಲ್ಲ, ನೂರಿಯಾಳ ಮೆಸೇಜು, ಇದು ಎಷ್ಟನೇ ಸಲ ಓದ್ತಿದೀನೋ, ಸಮ್ರೀನ್, ಒಂದೇ ಒಂದು ಕೇಳ್ತೀನಿ, ಅವತ್ತು ಶನಿವಾರ ನಾನು ಗಂಟಲು ನೋವಿಟ್ಕೊಂಡು ಬಂದೆ, ಅಮ್ಮನಿಗೆ ನಾನೇ ತಂದೆನಾ, ಇಲ್ಲಾ ನಾನು ಬರೋ ಮೊದಲೇ ನಿನಗೆ ಜ್ವರ ಗಿರ ಇತ್ತಾ, ನಾನು ನಿದ್ದೆ ಮಾಡಿ ಎರಡು ದಿನ ಆಯ್ತು, ನನ್ನ ಮಕ್ಕಳನ್ನ ಮುಟ್ಟೋಕೆ ಹೆದರಿಕೆ, ನಿನ್ನ ಮೇಲೆ ಸಿಟ್ಟಿಲ್ಲ, ಏನಿದ್ದರೂ ಸಿಟ್ಟಿಲ್ಲ, ನಿಜ ಹೇಳು ಸಾಕು, ಅಮ್ಮ ನಿನ್ನನ್ನ ತುಂಬ ಹಚ್ಕೊಂಡಿದ್ದಳು — ಇಷ್ಟೇ, ಇದಕ್ಕೆ ಎರಡೇ ಉತ್ತರ, ಇಲ್ಲ ಅಂದರೆ ಅವಳು ಬದುಕಿರೋವರೆಗೂ ತನ್ನ ಅಮ್ಮನನ್ನ ತಾನೇ ಕೊಂದೆ ಅಂದ್ಕೊಂಡು ಬದುಕ್ತಾಳೆ, ಹೌದು ಅಂದರೆ ಆ ಮಾತು ಅವಳ ತಲೆ ಇಳಿದು ನನ್ನ ತಲೆ ಮೇಲೆ ಕೂರುತ್ತೆ, ಸುಮ್ನಿದ್ದರೂ ಅದು ಇಲ್ಲ ಅಂದ ಹಾಗೇ.

ಅಮ್ಮಿಗೆ ತೋರಿಸಿದೆ, ತೋರಿಸೋದೆಲ್ಲಿ ಬಂತು, ಫೋನಲ್ಲಿ ಫಾರ್ವರ್ಡ್ ಮಾಡಿದೆ, ಒಂದೇ ಮನೆಯಲ್ಲಿ ಇದ್ಕೊಂಡು, ಐದೇ ನಿಮಿಷಕ್ಕೆ ಮೇಲೆ ಬಂದಳು, ಬಾಗಿಲ ಆಚೆ ನಿಂತು ಪಿಸುಗುಟ್ಟಿದಳು, ಉತ್ತರ ಕೊಡಬೇಡ, ಅಮ್ಮಿ ಬ್ಯಾಂಕಿನಲ್ಲಿ ಕಾಗದಪತ್ರ ಸರಿಯಿದೆಯಾ ಅಂತ ನೋಡೋ ವಿಭಾಗದಲ್ಲಿ ಹದಿಮೂರು ವರ್ಷದಿಂದ ಇದಾಳೆ, ಅವಳಿಗೆ ಮನುಷ್ಯರು ಸಾಯೋದಕ್ಕಿಂತ ಬರವಣಿಗೆ ಉಳಿಯೋದು ಹೆದರಿಕೆ, ಬರೆದು ಕೊಟ್ಟದ್ದು ಬರೆದು ಕೊಟ್ಟದ್ದೇ, ನಾಳೆ ವಕೀಲರಿಗೆ ತೋರಿಸ್ತಾಳೆ, ನಿನ್ನ ಓದು, ನಿನ್ನ ಪಾಸ್‌ಪೋರ್ಟು, ಸಂತಾಪ ಅಂತ ಬರಿ, ಹೂವಿನ ಚಿತ್ರ ಹಾಕು, ಸಾಕು, ಅಮ್ಮಿ ನಂಗೆ ವಾಸನೆ ಬರ್ತಿಲ್ಲ, ಅಂದೆ, ನೆಗಡಿ ಕಣೇ, ಅಂದಳು, ಆ ದನಿ ಅಮ್ಮಿಯದಲ್ಲ, ಸುದ್ದಿ ನೋಡಿದ್ಯಾ ಅಂದೆ, ಸುದ್ದಿ ಎಲ್ಲ ಸುಳ್ಳು, ನೀನು ಚೆನ್ನಾಗೇ ಇದೀಯ, ಕಾಯಿಲೆಯವಳಾಗಿದ್ದರೆ ತಟ್ಟೆ ಹಾಗೆ ಖಾಲಿ ಬರ್ತಿತ್ತಾ, ಒಂದಗುಳೂ ಬಿಡದೆ ಬಳಿದು ತಿಂತಿದೀಯ, ನಾನೇನು ನೋಡಲ್ವಾ, ನಿಮ್ಮ ದಾದಿಗೆ ಮಾತ್ರ ಏನೂ ಹೇಳಬೇಡ, ಅವರಿಗೆ ಮೊದಲೇ ಶುಗರ್, ಗಾಬರಿಯಾದರೆ ಏರುತ್ತೆ, ಅಂದು ದಡದಡ ಇಳಿದುಹೋದಳು, ತಟ್ಟೆ ಬಗ್ಗೆ ಅಂದದ್ದು ಕುಟುಕಿದ್ದು, ಇನ್ನೇನು, ಅರ್ಧಕ್ಕರ್ಧ ಬಿಟ್ಟು ಹೊರಗಿಡ್ತಿದೀನಿ ದಿನಾ, ಮಣ್ಣು ತಿಂದ ಹಾಗಾಗುತ್ತೆ, ಇಷ್ಟು ದಿನ ಬೈದಿಲ್ಲವಲ್ಲ ಅಂತ ನನಗೇ ಆಶ್ಚರ್ಯ ಇತ್ತು, ಅನ್ನ ಬಿಟ್ಟರೆ ಚರ್ಮ ಸುಲಿಯೋಳು, ಈಗ ಹೀಗೆ ಕುಟುಕಿ ಹೋದಳು.

ಇವತ್ತಿನದೂ ಅದೇ ಕತೆ, ಒಗ್ಗರಣೆ ಸದ್ದು ಅಡಗಿ ಸ್ವಲ್ಪ ಹೊತ್ತಿಗೆ ಬಾಗಿಲು ಎರಡು ಸಲ ತಟ್ಟಿ ಅಮ್ಮಿ ಕೆಳಗಿಳಿದಳು, ಸ್ಟೀಲ್ ತಟ್ಟೆಯಲ್ಲಿ ಅನ್ನ, ದಾಲ್ಚಾ, ಬೆಂಡೆಕಾಯಿ, ದಾಲ್ಚಾ ಅಂದರೆ ಪ್ರಾಣ ಬಿಡೋಳು ನಾನು, ಹುಣಸೆಹುಳಿಗೆ ಹಲ್ಲು ಚುಳ್ ಅನ್ನಬೇಕು, ಬಾಯಲ್ಲಿಟ್ಟರೆ ಬರೀ ಬಿಸಿ, ಬರೀ ಮೆತ್ತಗೆ, ನಾಲ್ಕು ತುತ್ತು ನುಂಗಿ ತಟ್ಟೆ ಹೊರಗಿಟ್ಟು ಬಾಗಿಲು ಹಾಕ್ಕೊಂಡೆ, ಅಬ್ಬಾ ಕಾರ್ ತೆಗೆದದ್ದು ಕೇಳಿಸ್ತು, ಅಂಗಡಿಗೆ, ಅಕ್ಕಿ ಸಿಗುತ್ತಾ ನೋಡೋಕೆ, ಅಮ್ಮಿ ಹಿತ್ತಲಲ್ಲಿ ಫೋನಲ್ಲಿ, ವಿಮಾನದವರ ಕಾಯಿಸೋ ಸಂಗೀತ ಸ್ಪೀಕರಲ್ಲಿ ಅರ್ಧ ಗಂಟೆಯಿಂದ ಕೊಯ್ತಿದೆ, ದಾದಿಯ ಟಿಕೆಟ್‌ಗೋಸ್ಕರ, ಮತ್ತೆ ನೂರಿಯಾಳ ಮೆಸೇಜು ತೆಗೆದೆ, ಬೆರಳು ಇಟ್ಟೆ, ತೆಗೆದೆ, ನೂರಿಯಾ ನನಗೆ ತುಂಬ ದುಃಖ ಆಗಿದೆ ಅಂತ ಬರೆದೆ, ಅಳಿಸಿದೆ, ನೂರಿಯಾ ಆಗ ಯಾರಿಗೂ ಗೊತ್ತಿರಲಿಲ್ಲ ಅಂತ ಬರೆದೆ, ಅಳಿಸಿದೆ, ಗೊತ್ತಿರಲಿಲ್ಲ ಅಂತೆ, ಐದು ಗಂಟೆಗೆ ಅಲಾರಂ ಇಟ್ಟವಳು ಯಾರು, ಹಣೆ ತಂಪು ಮಾಡ್ಕೊಂಡು ಕಣ್ಣು ಮುಚ್ಚಿ ಮಲಗಿದವಳು ಯಾರು, ಆ ಹೆಂಗಸು ತುಟಿ ಸುಳ್ಳು ಹೇಳಲ್ಲ ಅಂತ ನಂಬಿದ್ದಳು, ಅವಳ ತುಟೀನೇ ಸುಳ್ಳು ಮಾಡಿದೆನಲ್ಲೇ ನಾನು — ಸಾಕು, ಇನ್ನು ಸಾಕು, ಬರಿ, ಹೌದು ನೂರಿಯಾ, ನನಗಿತ್ತು, ಐದನೇ ತಾರೀಕು ಗುರುವಾರ ಜ್ವರ ಬಂತು, ಮೂವತ್ತೆಂಟು ಪಾಯಿಂಟ್ ಆರು, ನೀನು ಬರೋದಕ್ಕೆ ಎರಡು ದಿನ ಮೊದಲು, ಮಾತ್ರೆ ತಗೊಂಡು ಮುಚ್ಚಿಟ್ಟೆ, ಎನ್‌ಕಾರ್ನಾ ಹಣೆ ಮುಟ್ಟಿ ಮುಟ್ಟಿ ನೋಡಿದಳು, ಅವಳಿಗೆ ಗೊತ್ತಾಗದ ಹಾಗೆ ಮಾಡಿದೆ, ನೀನಲ್ಲ, ನಾನು, ನಿನ್ನ ಮಕ್ಕಳನ್ನ ಅಪ್ಪಿಕೋ, ಕಳಿಸಿದೆ, ಕಳಿಸಿಬಿಟ್ಟೆ, ಹದಿನೈದು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯ್ತು, ಫೋನ್ ಕವುಚಿ ಹಾಕಿದೆ, ಬೈಲಿ, ಶಾಪ ಹಾಕಲಿ, ಅವಳ ಹಕ್ಕು.

ಇನ್ನು ಕೆಳಗೆ, ಇಲ್ಲೂ ಹೇಳಬೇಕು, ಈಗಲೇ, ಅಬ್ಬಾ ಬರೋ ತನಕ ಕಾಯಬಾರದು, ಕಾದರೆ ಅಮ್ಮಿ ಬಾಯಿ ಮುಚ್ಚಿಸ್ತಾಳೆ, ಬಾಗಿಲು ತೆಗೆದು ಇಲ್ಲಿಂದಲೇ ಕೂಗಿಬಿಡ್ತೀನಿ, ದಾದಿ, ನನಗೆ ಆ ಕಾಯಿಲೆ ಬಂದಿತ್ತು, ನೀವು ನಿಮ್ಮ ಕೋಣೆ ಬಾಗಿಲು ಹಾಕ್ಕೊಳ್ಳಿ, ನಾನು ಮುಟ್ಟಿದ್ದು ಯಾವುದನ್ನೂ ಮುಟ್ಟಬೇಡಿ, ಒಂದೇ ಉಸಿರಿಗೆ ಹೇಳಬೇಕು, ಪುಣ್ಯ, ಅವರು ಮೇಲೆ ಬಂದಿಲ್ಲ, ಹತ್ತಿರ ಬಂದಿಲ್ಲ, ಈ ಡಚ್ಚರ ಮೆಟ್ಟಿಲು ನೋಡಿಯೇ ಕೈಮುಗಿದಿದ್ದರು, ಮನೆ ಒಳಗೆ ಏಣಿ ಇಟ್ಟಿದಾರಲ್ಲೋ, ನನ್ನ ಕೈಲಾಗಲ್ಲಪ್ಪ ಅಂತ, ಇಲ್ಲಿ ಇನ್ನೂ ಹೊತ್ತು ಮೀರಿಲ್ಲ, ಒಬ್ಬರನ್ನಾದರೂ ಉಳಿಸಬಹುದು, ಚಿಲಕ ತೆಗೆದೆ, ಹೊಸ್ತಿಲಲ್ಲಿ ತಟ್ಟೆ ಇಲ್ಲ, ಆಗಲೇ ಹೇಗೆ, ಅಮ್ಮಿ ಹಿತ್ತಲಲ್ಲೇ ಇದಾಳಲ್ಲ, ಆ ಸಂಗೀತ ಇನ್ನೂ ಕೊಯ್ತಿದೆಯಲ್ಲ, ಬಗ್ಗಿ ನೋಡಿದೆ, ಮೆಟ್ಟಿಲ ನಡುವೆ ದಾದಿ, ನನಗೆ ಬೆನ್ನು ಹಾಕಿ, ಒಂದು ಕೈ ಕಟಾಂಜನದ ಮೇಲೆ, ಮಡಿಲಲ್ಲಿ ನನ್ನ ತಟ್ಟೆ, ನಾನು ಕೈಯಾಡಿಸಿ ಬಿಟ್ಟ ಅನ್ನ, ನಾನು ಕಚ್ಚಿ ಬಿಟ್ಟ ಬೆಂಡೆಕಾಯಿ, ಉಣ್ತಿದ್ದಾರೆ — ದಾದಿ — ಬೆಚ್ಚಿ ತಿರುಗಿದರು, ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗೆ ನಕ್ಕರು, ನಿಮ್ಮಮ್ಮಿಗೆ ಹೇಳಬೇಡ ಬೇಟಾ, ಇದೆಲ್ಲ ಆ ಹಸಿರು ಡಬ್ಬಕ್ಕೆ ಸುರೀತಾಳೆ, ಅಲ್ಲಾ ಕೊಟ್ಟ ಅನ್ನ, ಕಸಕ್ಕೆ ಹಾಕಬಾರದು, ನೀನು ಬಂದ ದಿನದಿಂದ ನಾನೇ ಮೆಲ್ಲಗೆ ಹತ್ತಿ ಬಂದು ಇಲ್ಲೇ ಕೂತು ಉಂಡು ತಟ್ಟೆ ಕೆಳಗಿಡ್ತೀನಿ, ನನ್ನ ಮೊಮ್ಮಗಳ ಎಂಜಲು ನನಗೇನು ವಿಷವೇ, ಎರಡು ಸಲ ಕೆಮ್ಮಿದರು, ಸೆರಗು ಬಾಯಿಗೆ ಒತ್ತಿ, ಸದ್ದಾಗದ ಹಾಗೆ, ಮತ್ತೆ ತಟ್ಟೆಗೆ ಕೈ ಹಾಕಿದರು, ಆದರೆ ಒಂದು ಮಾತು, ಅಂದರು, ನಿಮ್ಮಮ್ಮಿಗೆ ಏನಾಗಿದೆ ಅಂತ, ಎರಡು ದಿನದಿಂದ ಅಡುಗೆಗೆ ಉಪ್ಪೇ ಹಾಕ್ತಿಲ್ಲ, ಉಪ್ಪಿಲ್ಲ ಹುಳಿಯಿಲ್ಲ, ಎಲ್ಲ ಸಪ್ಪೆ, ಬೇಜಾರು ಮಾಡ್ಕೊಂತಾಳೆ ಅಂತ ನಾನೂ ಹೇಳಿಲ್ಲ, ನೀನೂ ಹೇಳಬೇಡ — ಕೆಳಗೆ ಆ ಸಂಗೀತ, ದಾದಿಯ ತೋರುಬೆರಳು ತಟ್ಟೆ ಅಂಚಿನ ಸುತ್ತ ಹೋಗ್ತಿದೆ, ದಾಲ್ಚಾ ಬಳಿದುಕೊಂಡು ಬಾಯಿಗೆ ಹೋಗ್ತಿದೆ, ಚಪ್ಪರಿಸಿ ನೋಡ್ತಾರೆ, ತಲೆ ಅಲ್ಲಾಡಿಸ್ತಾರೆ, ಇಲ್ಲ, ಮತ್ತೆ ತಟ್ಟೆ ಸುತ್ತ ಬೆರಳು, ಮತ್ತೆ ಬಾಯಿಗೆ, ಇಲ್ಲ, ಮತ್ತೆ ಬೆರಳು, ಬೆರಳು ಬಾಯಿಗೆ, ಬೆರಳು